ಮೊಣಕಾಲುದ್ದ ನೀರು, ಹದಿನೇಳಡಿ ದೋಣಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಫ್ಲೋರಿಡಾದಲ್ಲಿ ನೆಲೆಸಿರುವ ಕನ್ನಡಿಗರವು, ವಿಷಯ ಫ್ಲ್ಯಾಟ್ಸ್ ಸ್ಕಿಫ್. ಗೊತ್ತಿಲ್ಲದವರಿಗೆ ಎರಡು ಮಾತು. ಕಡಲಂಚಿನಲ್ಲಿ ಮೊಣಕಾಲಿನಿಂದ ಸೊಂಟದವರೆಗೆ ಮಾತ್ರ ನೀರಿರುವ, ತಳದಲ್ಲಿ ಹುಲ್ಲೋ ಮರಳೋ ಕೆಸರೋ ಇರುವ ಬಯಲನ್ನು ಅಲ್ಲಿ ಫ್ಲ್ಯಾಟ್ಸ್ ಎನ್ನುತ್ತಾರೆ. ಅಲ್ಲಿ ಮೀನನ್ನು ಮೊದಲು ಕಣ್ಣಾರೆ ನೋಡಬೇಕು, ಆಮೇಲೆ ಅದರ ಮುಂದೆ ಗಾಳ ಇಳಿಸಬೇಕು. ಅದಕ್ಕಾಗಿಯೇ ಹುಟ್ಟಿದ್ದು ಈ 16ರಿಂದ 18 ಅಡಿಯ ಹಗುರ ದೋಣಿ. ಮುಂದೆ ಗಾಳ ಎಸೆಯುವವರು ನಿಲ್ಲಲು ಬೋಳು ಅಟ್ಟ. ಹಿಂದೆ ಎಂಜಿನ್ನಿನ ಮೇಲೊಂದು ಅಟ್ಟಣಿಗೆ, ಅದರ ಮೇಲೆ ಗಳ ಹಿಡಿದು ನಿಂತ ಇನ್ನೊಬ್ಬರು.

ಪ್ರಶ್ನೆ: ಎರಡು ಸ್ಕಿಫ್ ನೋಡಿ ಬಂದಿದ್ದೇನೆ. ಒಂದು ಐದು ಇಂಚು ನೀರಿನಲ್ಲಿ ತೇಲುತ್ತದಂತೆ, ಇನ್ನೊಂದಕ್ಕೆ ಏಳು ಇಂಚು ಬೇಕಂತೆ. ಐದು ಇಂಚಿನದಕ್ಕೆ ಬೆಲೆ ಬಹಳ ಹೆಚ್ಚು. ಎರಡು ಇಂಚಿಗಾಗಿ ಅಷ್ಟು ದುಡ್ಡು ಸುರಿಯಬೇಕೆ? ಹೊಸದು ಕೊಳ್ಳಲೋ, ಹಳೆಯದು ಸಾಕೋ?
– ಓದುಗರೊಬ್ಬರು, ಟ್ಯಾಂಪಾ

ಉತ್ತರ: ಆ ಐದು ಇಂಚನ್ನು ಹೇಗೆ ಅಳೆದರು ಎಂದು ಮೊದಲು ಕೇಳಿ. ಟ್ಯಾಂಕು ಖಾಲಿ, ಐಸ್ ಪೆಟ್ಟಿಗೆ ಇಲ್ಲ, ಆಳುಗಳಿಲ್ಲ, ಕೆಲವೊಮ್ಮೆ ಎಂಜಿನ್ ಕೂಡ ಇಲ್ಲ. ಅಂಥ ದೋಣಿಯಲ್ಲಿ ಮೀನು ಹಿಡಿಯಲು ಯಾರೂ ಹೋಗುವುದಿಲ್ಲ. ಹದಿನೇಳಡಿಯ ಸ್ಕಿಫ್‌ ಮೇಲೆ 300ರಿಂದ 400 ಪೌಂಡ್ ಹೇರಿದರೆ ಅದು ಹೆಚ್ಚುಕಡಿಮೆ ಒಂದು ಇಂಚು ಕೆಳಗಿಳಿಯುತ್ತದೆ. ಇಬ್ಬರು ದೊಡ್ಡವರು ಹತ್ತಿದರೆ ಒಂದು ಇಂಚು ಹೋಯಿತು. ಇಪ್ಪತ್ತು ಗ್ಯಾಲನ್ ಪೆಟ್ರೋಲೇ 120 ಪೌಂಡ್. ಬ್ಯಾಟರಿಗಳು, ಐಸ್, ಲಂಗರು, ನಿಮ್ಮ ಮನೆಯವರು ಕಟ್ಟಿಕೊಟ್ಟ ಬುತ್ತಿ, ಎಲ್ಲ ಸೇರಿದರೆ ಇನ್ನೊಂದು ಇಂಚು.

ಅದಕ್ಕಿಂತ ಮುಖ್ಯವಾದ ಅಂಕೆಯೊಂದಿದೆ, ಮಾರುವವರು ಕೇಳದೆ ಅದನ್ನು ಹೇಳುವುದಿಲ್ಲ. ದೋಣಿ ನಿಂತಲ್ಲಿಂದ ಎದ್ದು ನೀರಿನ ಮೇಲೆ ಜಾರುತ್ತ ಓಡಲು ಎಷ್ಟು ನೀರು ಬೇಕು? ವೇಗ ಹಿಡಿಯುವ ಗಳಿಗೆಯಲ್ಲಿ ಹಿಂಭಾಗ ಕೆಳಗೆ ಕೂರುತ್ತದೆ, ಪ್ರೊಪೆಲ್ಲರ್ ತಳಕ್ಕೆ ಹತ್ತಿರವಾಗುತ್ತದೆ. ಐದು ಇಂಚಿನಲ್ಲಿ ತೇಲುವ ದೋಣಿಯೂ ಐದು ಇಂಚಿನಲ್ಲಿ ಏಳಲಾರದು. ಹಾಗಾಗಿ ಬಯಲಿನೊಳಕ್ಕೆ ಗಳ ಊರಿ ಹೋಗಬೇಕು, ಗಳ ಊರಿಯೇ ಹೊರಬರಬೇಕು. ಎಂಜಿನ್ ಇರುವುದು ಬಯಲಿನ ಅಂಚಿನವರೆಗೆ ಮುಟ್ಟಿಸುವುದಕ್ಕೆ. ಇದು ಮನಸ್ಸಿಗೆ ಹತ್ತಿದರೆ ದೋಣಿ ನೋಡುವ ಕಣ್ಣೇ ಬೇರೆಯಾಗುತ್ತದೆ.

ಹಾಗಾದರೆ ಏನು ನೋಡಬೇಕು? ಸದ್ದು. ಗಾಳಿಗೆದ್ದ ಸಣ್ಣ ಅಲೆಗಳು ದೋಣಿಯ ಮಗ್ಗುಲಿಗೆ ಬಡಿದು ಪಟಪಟ ಎನ್ನುತ್ತವೆಯೇ? ಆರು ಇಂಚಿನಲ್ಲಿ ತೇಲುವ ಗದ್ದಲದ ದೋಣಿಗಿಂತ ಎಂಟು ಇಂಚಿನಲ್ಲಿ ತೇಲುವ ಮೌನಿ ದೋಣಿಯಲ್ಲಿ ಮೀನಿನ ಹತ್ತಿರ ಹೋಗಬಹುದು, ಇದರಲ್ಲಿ ನನಗೆ ಸಂಶಯವಿಲ್ಲ. ಖರೀದಿಗೆ ಮುಂಚೆ ಗಾಳಿ ಇರುವ ದಿನವೇ ನೀರಿಗಿಳಿಸಲು ಹೇಳಿ. ಒಬ್ಬರು ಮುಂದಿನ ಅಟ್ಟದ ಮೇಲೆ, ಒಬ್ಬರು ಅಟ್ಟಣಿಗೆಯ ಮೇಲೆ ನಿಂತು ದೋಣಿ ಸಮವಾಗಿ ಕೂರುತ್ತದೆಯೇ ನೋಡಿ. ಮೂತಿ ಮೇಲೆದ್ದು ಹಿಂಭಾಗ ಮುಳುಗುವ ದೋಣಿಯನ್ನು ಗಳದಲ್ಲಿ ನಡೆಸುವುದು ದಿನವಿಡೀ ಜಗಳ.

ಇನ್ನೊಂದು ವಿಷಯ ಟ್ಯಾಂಪಾ ಕೊಲ್ಲಿಯವರಿಗಾಗಿ. ತಳ ಚಪ್ಪಟೆಯಾದಷ್ಟೂ ಕಡಿಮೆ ನೀರು ಸಾಕು, ಆದರೆ ಅಲೆ ಎದ್ದಾಗ ಅಷ್ಟೇ ಬೆನ್ನು ಮುರಿಯುತ್ತದೆ. ಆ ಕೊಲ್ಲಿ ಅಗಲ, ಮಧ್ಯಾಹ್ನದ ಗಾಳಿಗೆ ಅಡ್ಡ ಹಾಯ್ದು ಮನೆಗೆ ಮರಳಬೇಕಾದವರು ನೀವು. ಏಳು ಇಂಚಿನ, ಮುಂಭಾಗ ಸ್ವಲ್ಪ ಚೂಪಾದ ದೋಣಿಯೇ ನಿಮಗೆ ಒಪ್ಪುತ್ತದೆ.

ಬೆಲೆಯ ಮಾತು. ಹೆಸರುವಾಸಿ ಕಾರ್ಖಾನೆಯ ಹೊಸ ಸ್ಕಿಫ್ ಎಂಜಿನ್, ಟ್ರೇಲರ್ ಸೇರಿ 60 ಸಾವಿರ ಡಾಲರ್ ದಾಟುವುದು ಈಗ ಸಾಮಾನ್ಯ. ಮೊದಲ ದೋಣಿಗೆ ಅಷ್ಟು ಬೇಡ. ಹಳೆಯದನ್ನೇ ನೋಡಿ, ಆದರೆ ಎಂಜಿನ್ ತೂಗುವ ಹಿಂಬದಿಯ ಹಲಗೆಯನ್ನು ಚೆನ್ನಾಗಿ ಪರೀಕ್ಷಿಸಿ. ಹಳೆಯ ದೋಣಿಗಳಲ್ಲಿ ಫೈಬರ್ ಪದರಗಳ ನಡುವೆ ಮರ ಇರುತ್ತದೆ. ಮೊಳೆ ತೂತಿನಿಂದ ನೀರಿಳಿದು ಒಳಗೊಳಗೇ ಕೊಳೆಯುತ್ತದೆ, ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಟಣ್ ಎನ್ನುತ್ತಿದ್ದುದು ಮಂಕಾಗಿ ಬೊದ್ ಎಂದರೆ ಅಲ್ಲಿಗೆ ಮಾತುಕತೆ ನಿಲ್ಲಿಸಿ. ಎಂಜಿನ್ ಮೇಲೆತ್ತಿ ಕೆಳಭಾಗವನ್ನು ಒತ್ತಿ ನೋಡಿ, ಹಲಗೆ ಬಾಗುವುದು ಕಂಡರೂ ಅಷ್ಟೇ. ಮೆಕ್ಯಾನಿಕ್ ಕರೆದುಕೊಂಡು ಹೋಗಿ ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಸಿ. ಆ ಖರ್ಚಿಗೆ ಜಿಪುಣತನ ಬೇಡ.

ಪ್ರಶ್ನೆ: ನಮ್ಮವರು ನನ್ನನ್ನು ಕೇಳದೆ ಹದಿನೇಳಡಿ ಸ್ಕಿಫ್ ತಂದು ಅಂಗಳದಲ್ಲಿ ನಿಲ್ಲಿಸಿದ್ದಾರೆ. ಜೂನ್‌ನಲ್ಲಿ ಮೈಸೂರಿನಿಂದ ಅತ್ತೆ ಮಾವ ಬರುತ್ತಾರೆ. ಅವರನ್ನೂ ನಮ್ಮ ಇಬ್ಬರು ಮಕ್ಕಳನ್ನೂ (ಎಂಟು ಮತ್ತು ನಾಲ್ಕು ವರ್ಷ) ಒಟ್ಟಿಗೆ ಸುತ್ತಿಸುತ್ತಾರಂತೆ. ನನಗೆ ಭಯ. ನಾನೇ ಅತಿ ಮಾಡುತ್ತಿದ್ದೇನೆಯೇ?
– ಗೃಹಿಣಿ, ಜ್ಯಾಕ್ಸನ್‌ವಿಲ್

ಉತ್ತರ: ಇಲ್ಲ ತಾಯಿ, ನಿಮ್ಮ ಭಯ ಸರಿಯಾಗಿಯೇ ಇದೆ. ಸ್ಕಿಫ್ ಇಬ್ಬರ ದೋಣಿ. ಮೂರನೆಯವರು ಸುಮ್ಮನೆ ಕೂರಬಲ್ಲವರಾದರೆ ಮೂವರು. ಮಗ್ಗುಲು ಗಿಡ್ಡ, ಕಂಬಿ ಇಲ್ಲ, ನೆರಳಿಲ್ಲ, ಶೌಚಾಲಯವಂತೂ ಇಲ್ಲವೇ ಇಲ್ಲ. ಗಾಳದ ದಾರ ಸಿಕ್ಕಬಾರದೆಂದು ಹಿಡಿದುಕೊಳ್ಳುವ ಆಸರೆಗಳನ್ನೆಲ್ಲ ಬೇಕೆಂದೇ ತೆಗೆದಿರುತ್ತಾರೆ. ಮೊಣಕಾಲು ನೋವಿನ ಹಿರಿಯರು ಅದರಲ್ಲಿ ಎಲ್ಲಿ ಕೂರಬೇಕು?

ದೋಣಿಯ ಒಳಮಗ್ಗುಲಲ್ಲಿ ಸಣ್ಣ ಫಲಕವೊಂದಿರುತ್ತದೆ: ಎಷ್ಟು ಜನ, ಒಟ್ಟು ಎಷ್ಟು ತೂಕ ಎಂದು. 20 ಅಡಿಗಿಂತ ಚಿಕ್ಕದಾದ ಇಂಥ ದೋಣಿಗಳಿಗೆ ಅಮೆರಿಕದ ಕಾನೂನು ಅದನ್ನು ಕಡ್ಡಾಯ ಮಾಡಿದೆ. ಅದನ್ನು ನಿಮ್ಮವರಿಗೆ ಓದಿ ಹೇಳಿ, ವಾದ ಅಲ್ಲಿಗೆ ಮುಗಿಯಬಹುದು. ನಾಲ್ಕು ವರ್ಷದ ಮಗುವಿಗೆ ದೋಣಿ ಸಾಗುವಾಗ ಲೈಫ್ ಜಾಕೆಟ್ ತೊಡಿಸಲೇಬೇಕು. 26 ಅಡಿಗಿಂತ ಚಿಕ್ಕ ದೋಣಿಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಅದು ಫ್ಲೋರಿಡಾದ ಕಾನೂನು. ಎಂಟರ ಮಗುವಿಗೂ ತೊಡಿಸಿ, ಕಾನೂನು ಕೇಳದಿದ್ದರೂ. ಎಂಜಿನ್ ನಡೆಸುವವರು ಎಂಜಿನ್ ಆರಿಸುವ ಎಳೆಯನ್ನು ಮೈಗೆ ಸಿಕ್ಕಿಸಿಕೊಂಡಿರಬೇಕು. ನೀರಿಗೆ ಬಿದ್ದರೆ ಎಂಜಿನ್ ತಾನೇ ನಿಲ್ಲುತ್ತದೆ. 2021ರ ಏಪ್ರಿಲ್‌ನಿಂದ ಅದೂ ಕೇಂದ್ರ ಕಾನೂನು. ನಿಮ್ಮವರು 1988ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಾದರೆ ದೋಣಿ ಸುರಕ್ಷತಾ ಶಿಕ್ಷಣದ ಗುರುತಿನ ಚೀಟಿಯೂ ಬೇಕು. ಇದೆಯೇ ಎಂದು ಕೇಳಿ ನೋಡಿ.

ಜೂನ್ ಎಂದಿರಿ. ಆಗ ಅಲ್ಲಿ ಮಧ್ಯಾಹ್ನವಾದರೆ ಗುಡುಗು ಮಳೆ. ಬಯಲು ನೀರಿನಲ್ಲಿ ಅಟ್ಟಣಿಗೆ ಮೇಲೆ ಕಾರ್ಬನ್ ಗಳ ಹಿಡಿದು ನಿಂತವರೇ ಸುತ್ತಲಿನ ಎತ್ತರದ ವಸ್ತು, ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆ. ಹೋಗುವವರು ಬೆಳಗ್ಗೆಯೇ ಹೋಗಿ ಹನ್ನೆರಡರೊಳಗೆ ದಡ ಸೇರಲಿ.

ಅತ್ತೆ ಮಾವನಿಗೆ ಚಾವಣಿ, ಬೆಂಚು ಇರುವ ಪಾಂಟೂನ್ ದೋಣಿಯನ್ನು ಅರ್ಧ ದಿನಕ್ಕೆ ಬಾಡಿಗೆ ಹಿಡಿಯಿರಿ. ಕೇಳದೆ ತಂದ ವಿಷಯವನ್ನು ನೀವೇ ಮನೆಯಲ್ಲಿ ಇತ್ಯರ್ಥ ಮಾಡಿಕೊಳ್ಳಿ, ಈ ಅಂಕಣಕ್ಕೆ ಆ ಅಧಿಕಾರವಿಲ್ಲ.

ಪ್ರಶ್ನೆ: ನಾನು ಗಂಗೊಳ್ಳಿಯವನು. ಹೊಳೆಯಲ್ಲಿ ಬಿದಿರಿನ ಗಳ ಹಾಕಿ ದೋಣಿ ನಡೆಸಿಯೇ ಬೆಳೆದೆ. ಇಲ್ಲಿ ಗೆಳೆಯನ ಸ್ಕಿಫ್‌ನ ಅಟ್ಟಣಿಗೆ ಹತ್ತಿ ಗಳ ಹಾಕಿದರೆ ದೋಣಿ ಗಿರಗಿರ ತಿರುಗುತ್ತದೆ. ಗೆಳೆಯ ನಗುತ್ತಾನೆ. ಊರಿನಲ್ಲಿ ಬಾರದ ಅವಮಾನ ಇಲ್ಲಿ!
– ಓದುಗರು, ಮಯಾಮಿ

ಉತ್ತರ: ಹೊಳೆಯಲ್ಲಿ ನೀವು ದೋಣಿಯ ಒಳಗೆ, ನೀರಿನ ಮಟ್ಟಕ್ಕೆ ಹತ್ತಿರ ನಿಂತು ಮಗ್ಗುಲಿಗೆ ಗಳ ಹಾಕುತ್ತಿದ್ದಿರಿ. ಇಲ್ಲಿ ತುದಿಯಲ್ಲಿ, ಎತ್ತರದಲ್ಲಿ ನಿಂತಿದ್ದೀರಿ. ದೋಣಿಯ ಹಿಂತುದಿಯನ್ನು ಯಾವ ಪಕ್ಕಕ್ಕೆ ನೂಕಿದರೂ ಮೂತಿ ಎದುರು ಪಕ್ಕಕ್ಕೆ ತಿರುಗುತ್ತದೆ. ಗಳವನ್ನು ಬಲಕ್ಕೋ ಎಡಕ್ಕೋ ಊರಬೇಡಿ. ಎಂಜಿನ್ನಿನ ನೇರ ಹಿಂದೆ, ನಡುಗೆರೆಯ ಮೇಲೆ ಊರಿ. ತೋಳಿನಿಂದ ದಬ್ಬದೆ ಮೈಭಾರ ಕೊಟ್ಟು ಕೈಮೇಲೆ ಕೈಯಿಟ್ಟು ಗಳದುದ್ದಕ್ಕೂ ಹತ್ತಿ. ತಿರುಗಬೇಕಾದಾಗ ಮಾತ್ರ ಗಳದ ಬುಡವನ್ನು ನಡುಗೆರೆಯಿಂದ ಒಂದಿಷ್ಟು ಪಕ್ಕಕ್ಕಿಡಿ. ನೂಕಿ ಮುಗಿದ ಮೇಲೂ ಗಳ ಹಿಂದೆ ನೀರಿನಲ್ಲೇ ಎಳೆದುಕೊಂಡು ಬರಲಿ, ಚುಕ್ಕಾಣಿಯ ಕೆಲಸ ಮಾಡುತ್ತದೆ. ಹೊಳೆಯಲ್ಲಿ ಕಲಿತ ಮುಖ್ಯ ಪಾಠ ನಿಮ್ಮಲ್ಲಿದ್ದೇ ಇದೆ. ಕೆಸರಿನಲ್ಲಿ ಗಳ ಹೂತರೆ ಗಳ ಬಿಡಬೇಕೋ ದೋಣಿ ಬಿಡಬೇಕೋ ಎಂಬ ಗೊಂದಲ ನಿಮಗಾಗುವುದಿಲ್ಲ. ಹೊಸಬರು ಎರಡೂ ಬಿಡದೆ ನೀರಿಗೆ ಬೀಳುತ್ತಾರೆ.

ಗಳದ ಒಂದು ತುದಿಯಲ್ಲಿ ಕವೆ, ಇನ್ನೊಂದರಲ್ಲಿ ಮೊನೆ ಇರುತ್ತದೆ. ಕವೆ ಕೆಸರಿನಲ್ಲಿ ಹೂಳದೆ ನೂಕಲಿಕ್ಕೆ. ಮೊನೆಯನ್ನು ತಳಕ್ಕೆ ಚುಚ್ಚಿ ದೋಣಿ ಕಟ್ಟಿ ನಿಲ್ಲಿಸಲಿಕ್ಕೆ. ಗಟ್ಟಿ ತಳದ ಮೇಲೆ ಮೊನೆಯಿಂದ ನೂಕಿದರೆ ಕಟಕಟ ಸದ್ದಾಗಿ ಮೀನು ಓಡುತ್ತದೆ.

ಅಟ್ಟಣಿಗೆ ಮೊದಲಿನಿಂದ ಇರಲಿಲ್ಲ. ಫ್ಲೋರಿಡಾದ ಗೈಡ್‌ಗಳು ದೋಣಿಯ ಅಟ್ಟದ ಮೇಲೆಯೇ ನಿಂತು ನೂಕುತ್ತಿದ್ದರು. ಬಾಬ್ ಹ್ಯೂಸ್ ಎಂಬ ದೋಣಿಕಾರ ಬೋನ್‌ಫಿಶ್ ಎಂಬ ಮೀನಿನ ಬೇಟೆಗೆಂದೇ ದೋಣಿ ಕಟ್ಟಿ ಈ ವರ್ಗಕ್ಕೆ ಒಂದು ರೂಪ ಕೊಟ್ಟ. ಎಂಜಿನ್ನಿನ ಮೇಲೆ ಅಟ್ಟಣಿಗೆ ಎತ್ತಿ ನಿಲ್ಲಿಸಿದ ಕೀರ್ತಿ 1970ರ ದಶಕದಲ್ಲಿ ಬಿಸ್ಕೇನ್ ಕೊಲ್ಲಿಯ ಗೈಡ್ ಬಿಲ್ ಕರ್ಟಿಸ್‌ಗೆ ಸಲ್ಲುತ್ತದೆ. ಅದು ಬಂದದ್ದು ನೂಕುವ ಸುಖಕ್ಕಲ್ಲ, ನೋಡುವ ಸುಖಕ್ಕೆ. ಎತ್ತರದಿಂದ ನೋಡಿದರೆ ನೀರಿನ ಮೇಲಿನ ಹೊಳಪು ತಪ್ಪಿ ತಳ ಕಾಣುತ್ತದೆ.

ಆದ್ದರಿಂದ ಇಲ್ಲಿ ಗಳ ಹಿಡಿದವರೇ ಯಜಮಾನರು. ಸೂರ್ಯನನ್ನು ಬೆನ್ನಿಗಿಟ್ಟುಕೊಳ್ಳಿ, ಸಾಧ್ಯವಾದರೆ ಗಾಳಿಯನ್ನೂ ಬೆನ್ನಿಗಿಟ್ಟುಕೊಳ್ಳಿ. ಎರಡೂ ಒಟ್ಟಿಗೆ ಸಿಗದಿದ್ದರೆ ಸೂರ್ಯನನ್ನೇ ಆರಿಸಿ. ಪೋಲರೈಸ್ಡ್ ಕನ್ನಡಕ ಇಲ್ಲದೆ ಅಟ್ಟಣಿಗೆ ಹತ್ತುವುದು ವ್ಯರ್ಥ, ಆಳವಿಲ್ಲದ ನೀರಿಗೆ ತಾಮ್ರದ ಬಣ್ಣದ ಗಾಜು ಒಳ್ಳೆಯದು. ಬೋನ್‌ಫಿಶ್ ಮೈ ಕನ್ನಡಿಯಂತೆ ತಳದ ಬಣ್ಣವನ್ನೇ ತೋರಿಸುತ್ತದೆ. ಮೀನಿಗಿಂತ ಮೊದಲು ಅದರ ನೆರಳು ಕಾಣುತ್ತದೆ. ಸೀಗಡಿ, ಏಡಿ ಕೆದಕಲು ತಲೆ ಕೆಳಗೆ ಮಾಡಿದಾಗ ಬಾಲ ನೀರಿನ ಮೇಲೆ ಬರುತ್ತದೆ. ಸುತ್ತಲೂ ಸಮವಾಗಿ ನಡುಗುವ ನೀರಿನಲ್ಲಿ ಒಂದು ತೇಪೆ ಮಾತ್ರ ಬೇರೆ ರೀತಿ ನಡುಗುತ್ತಿದ್ದರೆ ಅದರ ಕೆಳಗೆ ಹಿಂಡು ಇರುತ್ತದೆ. ಕಂಡ ಕೂಡಲೇ ಮುಂದಿನವರಿಗೆ ಗಡಿಯಾರದ ಲೆಕ್ಕದಲ್ಲಿ ಹೇಳಿ: ಮೂತಿ ಹನ್ನೆರಡು ಗಂಟೆ, ಮೀನು ಹತ್ತು ಗಂಟೆಗೆ, ನಲವತ್ತಡಿ, ಎಡಕ್ಕೆ ಹೋಗುತ್ತಿದೆ. ಹೇಳಿದ ಮೇಲೆ ಗಳ ನಿಲ್ಲಿಸಿಬಿಡಿ. ಕವೆ ತಳಕ್ಕೆ ತಾಗುವ ಸದ್ದಿಗೇ ಕೆಲಸ ಕೆಟ್ಟೀತು. ಗಂಗೊಳ್ಳಿಯ ತೋಳು ಇನ್ನೂ ಒಂದು ಹೆಜ್ಜೆ ಹತ್ತಿರ ಹೋಗೋಣ ಎನ್ನುತ್ತದೆ, ಅದನ್ನು ಕೇಳಬೇಡಿ.

ಪ್ರಶ್ನೆ: ಬೋನ್‌ಫಿಶ್ ಸಾರು ಮಾಡಬಹುದೇ? ಯಾರನ್ನು ಕೇಳಿದರೂ ವಿಚಿತ್ರವಾಗಿ ನೋಡುತ್ತಾರೆ.
– ಮಂಗಳೂರಿನವರು, ಒರ್ಲ್ಯಾಂಡೊ

ಉತ್ತರ: ಫ್ಲೋರಿಡಾದಲ್ಲಿ ಇಲ್ಲ. 2013ರಿಂದ ಅಲ್ಲಿ ಬೋನ್‌ಫಿಶ್ ಹಿಡಿದರೆ ಬಿಡಲೇಬೇಕು. ಟಾರ್ಪನ್ ಎಂಬ ಮೀನಿಗೂ ಅದೇ ನಿಯಮ. 40 ಇಂಚಿಗಿಂತ ದೊಡ್ಡ ಟಾರ್ಪನ್ನನ್ನು ಫೋಟೊಗೆಂದು ನೀರಿನಿಂದ ಎತ್ತುವಂತೆಯೂ ಇಲ್ಲ. ಬಹಾಮಾಸಿನಲ್ಲಿ ಜನ ಬೋನ್‌ಫಿಶ್ ತಿನ್ನುತ್ತಾರೆ, ಆದರೆ ಹೆಸರೇ ಹೇಳುವಂತೆ ಮೈಯೆಲ್ಲ ಮುಳ್ಳು. ನಿಮ್ಮ ಸಾರಿಗೆ ಮ್ಯಾಂಗ್ರೋವ್ ಸ್ನ್ಯಾಪರ್ ಹಿಡಿಯಿರಿ. ಕೆಂಪು ಮೆಣಸು, ಹುಣಿಸೆಹುಳಿಗೆ ಅದು ಒಗ್ಗುತ್ತದೆ. ಅಳತೆ, ಸಂಖ್ಯೆಯ ಮಿತಿಗಳು ಪ್ರದೇಶ, ಋತು ನೋಡಿ ಬದಲಾಗುತ್ತವೆ. ಹೊರಡುವ ದಿನವೇ ಇಲಾಖೆಯ ಪಟ್ಟಿ ನೋಡಿಕೊಳ್ಳಿ.

ಪ್ರಶ್ನೆ: ಫ್ಲೋರಿಡಾ ಬೇಯಲ್ಲಿ ನನ್ನ ಸ್ಕಿಫ್ ತಳ ಕಚ್ಚಿತು. ಉಬ್ಬರ ಏರುವ ಹೊತ್ತು ಎಂದು ಪಟ್ಟಿ ಹೇಳಿತ್ತು, ಆದರೂ ನೀರು ಇರಲಿಲ್ಲ. ಎಂಜಿನ್ ಜೋರು ಮಾಡಿ ಹೊರಬಂದೆ. ದೂರದಲ್ಲಿದ್ದ ಗೈಡ್ ಒಬ್ಬರು ಕೂಗಾಡಿದರು. ಒಂದು ಗೀರಿಗೆ ಇಷ್ಟೊಂದು ಸಿಟ್ಟೇ?
– ಓದುಗರೊಬ್ಬರು, ಹೋಮ್‌ಸ್ಟೆಡ್

ಉತ್ತರ: ಆ ಗೈಡ್ ಕೂಗಾಡಿದ್ದು ಸರಿ.

ಅಲ್ಲಿನ ತಳದ ಮುಖ್ಯ ಹುಲ್ಲಿಗೆ ಟರ್ಟಲ್ ಗ್ರಾಸ್ ಎನ್ನುತ್ತಾರೆ. ನಮ್ಮ ಗರಿಕೆಯಂತೆ ಅದು ಮಣ್ಣಿನೊಳಗೆ ಅಡ್ಡ ಕಾಂಡ ಹರಡಿಕೊಂಡು ಬೆಳೆಯುತ್ತದೆ, ಆದರೆ ಗರಿಕೆಯ ಚುರುಕು ಇದಕ್ಕಿಲ್ಲ. ಎಲೆ ಕತ್ತರಿಸಿದರೆ ಮತ್ತೆ ಬಂದೀತು. ಪ್ರೊಪೆಲ್ಲರ್ ಆ ಕಾಂಡವನ್ನೇ ಕಡಿದು ಮಣ್ಣನ್ನು ಹೊರಗೆಸೆದರೆ ಉಳಿಯುವುದು ಒಂದು ಕಾಲುವೆ. ಹುಲ್ಲು ಎರಡು ದಡದಿಂದ ಒಳಕ್ಕೆ ತೆವಳಿ ಅದನ್ನು ಮುಚ್ಚಲು ವರ್ಷಗಳೇ ಬೇಕು. ಅಷ್ಟರಲ್ಲಿ ಹರಿವು, ಬಿರುಗಾಳಿ ಆ ಕಾಲುವೆಯನ್ನು ಅಗಲ ಮಾಡಿದರೆ ಮುಚ್ಚುವುದೇ ಇಲ್ಲ. ಸೀಗಡಿ, ಏಡಿ, ಮರಿಮೀನು ಬದುಕುವುದು ಆ ಹುಲ್ಲಿನಲ್ಲಿ. ನೀವು ಹಿಡಿಯಲು ಹೋದ ಮೀನಿನ ಊಟದ ಎಲೆ ಅದು. ಜಾಗ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದ ಒಳಗಾದರೆ ದಂಡದ ಜೊತೆಗೆ ಹಾನಿ ಸರಿಪಡಿಸುವ ಖರ್ಚನ್ನೂ ನಿಮ್ಮಿಂದ ವಸೂಲು ಮಾಡಬಹುದು.

ಪಟ್ಟಿ ಏಕೆ ತಪ್ಪಿತು? ಫ್ಲೋರಿಡಾ ಬೇ ಅಡ್ಡಡ್ಡ ಮಣ್ಣುದಿಬ್ಬಗಳಿಂದ ಕೋಣೆ ಕೋಣೆಯಾಗಿ ಒಡೆದಿದೆ. ಫ್ಲೆಮಿಂಗೊ ಕಡೆ ಸಮುದ್ರದ ಉಬ್ಬರ ಚೆನ್ನಾಗಿ ತಟ್ಟುತ್ತದೆ. ಒಳಗಿನ ಕೋಣೆಗಳಿಗೆ ಅದು ಬರುವಷ್ಟರಲ್ಲಿ ಸೋತಿರುತ್ತದೆ, ಅಲ್ಲಿ ನೀರಿನ ಮಟ್ಟ ನಿರ್ಧರಿಸುವುದು ಗಾಳಿ. ಚಳಿಗಾಲದಲ್ಲಿ ಉತ್ತರದ ಗಾಳಿ ಎರಡು ದಿನ ಬೀಸಿದರೆ ಬಯಲೇ ಒಣಗಿದಂತಾಗುತ್ತದೆ. ಪಟ್ಟಿ ನೋಡಿ, ಆದರೆ ಹಿಂದಿನ ಎರಡು ದಿನದ ಗಾಳಿಯನ್ನೂ ನೋಡಿ.

ಇನ್ನೊಮ್ಮೆ ಸಿಕ್ಕಿಕೊಂಡರೆ ಮೊದಲು ಎಂಜಿನ್ ಆರಿಸಿ, ಮೇಲೆತ್ತಿ. ಭಾರವನ್ನು ಮುಂದಕ್ಕೆ ಸರಿಸಿ, ಬಂದ ದಾರಿಯಲ್ಲೇ ಗಳದಿಂದ ಹಿಂದಕ್ಕೆ ನೂಕಿ. ಆಗದಿದ್ದರೆ ಕಾಯಿರಿ, ಇಲ್ಲವೇ ಎಳೆಯುವ ದೋಣಿ ಕರೆಯಿರಿ. ಕುಡಿಯುವ ನೀರು ಸದಾ ಎರಡರಷ್ಟು ಇರಲಿ ಎನ್ನುವುದು ಇಂಥ ಹೊತ್ತಿಗೇ.

ನೀರಿನ ಬಣ್ಣ ಓದುವುದನ್ನು ಈ ವಾರವೇ ಶುರು ಮಾಡಿ. ಕಂದು ಎಂದರೆ ಹುಲ್ಲು ಮೇಲೆಯೇ ಇದೆ. ಬಿಳಿ ಎಂದರೆ ಮರಳು, ಆಳವಿದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಹಸಿರು ಚಿಕ್ಕ ದೋಣಿಗೆ ಸಾಮಾನ್ಯವಾಗಿ ಸಾಕು. ನೀಲಿ ಆಳ. ಸೂರ್ಯ ಎದುರಿಗಿದ್ದಾಗ ಈ ವಿದ್ಯೆ ಕೆಲಸಕ್ಕೆ ಬಾರದು, ನಿಧಾನಿಸಿ. ಉದ್ಯಾನದ ವ್ಯಾಪ್ತಿಯಲ್ಲಿ ಮೋಟಾರು ದೋಣಿ ನಡೆಸಲು ಅವರ ಪಾಠ ಮುಗಿಸಿದ ಪ್ರಮಾಣಪತ್ರವೂ ಪರವಾನಗಿಯೂ ಬೇಕು. ಫ್ಲೆಮಿಂಗೊ ಹತ್ತಿರದ ಸ್ನೇಕ್ ಬೈಟ್‌ನಂಥ ಕಡೆ 2011ರಿಂದ ಗಳ ಅಥವಾ ಬ್ಯಾಟರಿಯ ಟ್ರೋಲಿಂಗ್ ಮೋಟಾರು ಮಾತ್ರ, ಗುರುತು ಹಾಕಿದ ಕಾಲುವೆ ಬಿಟ್ಟರೆ ಎಂಜಿನ್ ನಿಷಿದ್ಧ. ಮೊದಮೊದಲು ಗೊಣಗಿದವರಿದ್ದರು. ನನ್ನ ಅಭಿಪ್ರಾಯದಲ್ಲಿ ಸ್ಕಿಫ್ ಇಟ್ಟುಕೊಂಡವರಿಗೆ ಇದಕ್ಕಿಂತ ಒಳ್ಳೆಯ ಕಾನೂನು ಇನ್ನೊಂದಿಲ್ಲ. ಇಡೀ ಬಯಲನ್ನು ಗಳ ಇದ್ದವರಿಗೇ ಬಿಟ್ಟುಕೊಟ್ಟಂತಾಯಿತು.

ಹುಲ್ಲು ಹೋದರೆ ಏನಾಗುತ್ತದೆ ಎಂಬುದಕ್ಕೆ ಉತ್ತರದ ಇಂಡಿಯನ್ ರಿವರ್ ಲಗೂನ್ ಸಾಕ್ಷಿ. ಅಲ್ಲಿ ತಪ್ಪು ಪ್ರೊಪೆಲ್ಲರಿನದಲ್ಲ. ಗೊಬ್ಬರ, ಶೌಚಗುಂಡಿಗಳ ಸೋರಿಕೆಯಿಂದ ಕೊಬ್ಬಿದ ಪಾಚಿ 2011ರಿಂದೀಚೆಗೆ ಬೆಳಕನ್ನು ತಡೆದು ಹುಲ್ಲನ್ನು ಸಾಯಿಸಿತು. ತಿನ್ನಲು ಹುಲ್ಲಿಲ್ಲದೆ ಮ್ಯಾನಟಿ ಎಂಬ ನೀರುಪ್ರಾಣಿಗಳು ಹಸಿದವು. 2021ರಲ್ಲಿ ಫ್ಲೋರಿಡಾದಲ್ಲಿ ಸತ್ತ ಮ್ಯಾನಟಿಗಳು ಸುಮಾರು 1,100. 2022ರಲ್ಲಿ ಆ ಲಗೂನಿನ ರೆಡ್‌ಫಿಶ್ಶನ್ನೂ ಹಿಡಿದರೆ ಬಿಡಬೇಕೆಂದು ನಿಯಮ ಬಂತು.

ಪ್ರಶ್ನೆ: ಮಗ ಅಮೆರಿಕದಲ್ಲಿದ್ದಾನೆ. ಅಂಥದೇ ಸ್ಕಿಫ್ ಒಂದನ್ನು ಊರಿಗೆ ಕಳಿಸುತ್ತೇನೆ, ಅಘನಾಶಿನಿಯಲ್ಲಿ ಇಡೋಣ ಎನ್ನುತ್ತಿದ್ದಾನೆ. ನಡೆದೀತೇ?
– ಹಿರಿಯ ಓದುಗರು, ಕುಮಟಾ

ಉತ್ತರ: ತೇಲುವುದೇನೋ ತೇಲುತ್ತದೆ. ಆದರೆ ಬೇಡ ಎನ್ನುತ್ತೇನೆ. ಸ್ಕಿಫ್‌ನ ಇಡೀ ರಚನೆ ತಿಳಿನೀರಿನಲ್ಲಿ ಮೀನನ್ನು ನೋಡುವುದಕ್ಕಾಗಿ. ನಿಮ್ಮ ಅಳಿವೆಯ ನೀರು ವರ್ಷದ ಬಹುಪಾಲು ಕದಡಿರುತ್ತದೆ, ಅಟ್ಟಣಿಗೆಯಿಂದ ತಳ ಕಾಣುವುದು ಅಪರೂಪ. ಇಳಿತದ ಹೊತ್ತಿಗೆ ಬಳಚು ಆರಿಸಲು ಇಳಿಯುವ ಜನರಿದ್ದಾರೆ, ನೆಟ್ಟ ಗೂಟಗಳಿವೆ, ಬಲೆಗಳಿವೆ. ಅವುಗಳ ನಡುವೆ 60 ಕುದುರೆಶಕ್ತಿಯ ಎಂಜಿನ್ ಓಡಿಸುವುದು ಊರಿನೊಡನೆ ಜಗಳ ಕಟ್ಟಿಕೊಂಡಂತೆ. ಅಳಿವೆ ಬಾಗಿಲಿನ ಅಲೆಗೆ ಆ ಗಿಡ್ಡ ಮಗ್ಗುಲು ಎಷ್ಟೂ ಸಾಲದು. ಸಾಗಣೆ, ಸುಂಕ ಎಲ್ಲ ಕೂಡಿಸಿದ ದುಡ್ಡಿನಲ್ಲಿ ಊರಿನ ದೋಣಿ ಕಟ್ಟುವವರಿಂದ ಪಾತಿ ದೋಣಿ ಮಾಡಿಸಿ, ಉಳಿದದ್ದರಲ್ಲಿ ಮಗನ ಬಳಿಗೆ ಒಮ್ಮೆ ಹೋಗಿ ಬನ್ನಿ. ಅವನಿಂದ ಬೇಕಾದರೆ ಒಂದು ಪೋಲರೈಸ್ಡ್ ಕನ್ನಡಕ ತರಿಸಿಕೊಳ್ಳಿ. ಮಳೆ ನಿಂತು ನೀರು ತಿಳಿಯಾದ ಮೇಲೆ ಅಂಚಿನ ಕಾಂಡ್ಲ ಗಿಡಗಳ ಬುಡದಲ್ಲಿ ಅದು ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಉಪ್ಪುನೀರಿನ ದೋಣಿಯ ಆರೈಕೆ ಹೇಗೆ? ಚಿಕ್ಕದಾಗಿ ಹೇಳಿ.
– ಓದುಗರು, ಫೋರ್ಟ್ ಮೈಯರ್ಸ್

ಉತ್ತರ: ಪ್ರತಿ ಸಲ ಮರಳಿದ ಮೇಲೆ ಎಂಜಿನ್ನಿನೊಳಗೆ ಸಿಹಿನೀರು ಹಾಯಿಸಿ, ದೋಣಿಯನ್ನೂ ಟ್ರೇಲರನ್ನೂ ತೊಳೆಯಿರಿ. ನೀರೆತ್ತುವ ಪಂಪಿನ ಇಂಪೆಲ್ಲರನ್ನು ಕೈಪಿಡಿಯಲ್ಲಿ ಹೇಳಿದ ಅವಧಿಗೆ ಬದಲಿಸಿ, ಕೆಡುವವರೆಗೆ ಕಾಯಬೇಡಿ. ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ, ತಿಂಗಳುಗಟ್ಟಲೆ ನಿಲ್ಲುವ ಟ್ಯಾಂಕಿಗೆ ಎಥನಾಲ್ ಇಲ್ಲದ್ದನ್ನೇ ತುಂಬಿಸಿ. ನೀರಿಗಿಳಿಸುವ ಮುನ್ನ ತಳದ ಬಿರಡೆ ಹಾಕಿದ್ದೀರಾ ಎಂದು ಕೈಯಿಂದ ಮುಟ್ಟಿ ನೋಡಿ, ನೆನಪನ್ನು ನಂಬಬೇಡಿ.

ಜನ ಮರೆಯುವುದು ಟ್ರೇಲರನ್ನು. ಹೆದ್ದಾರಿಯಲ್ಲಿ ಬಂದು ಬಿಸಿಯಾದ ಚಕ್ರದ ಹಬ್ ತಣ್ಣನೆಯ ಉಪ್ಪುನೀರಿಗೆ ಮುಳುಗಿದರೆ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ. ರ‍್ಯಾಂಪ್ ತಲುಪಿದ ಮೇಲೆ ಹತ್ತು ನಿಮಿಷ ತಣಿಯಲು ಬಿಡಿ, ಗ್ರೀಸ್ ತಪ್ಪಿಸಬೇಡಿ. ದೂರದ ಪ್ರಯಾಣದಲ್ಲಿ ಪೆಟ್ರೋಲ್ ಬಂಕಿನಲ್ಲಿ ನಿಂತಾಗಲೆಲ್ಲ ಎರಡೂ ಹಬ್‌ಗಳ ಹತ್ತಿರ ಕೈಯೊಡ್ಡಿ ನೋಡಿ. ಒಂದು ಬೆಚ್ಚಗಿದ್ದು ಇನ್ನೊಂದು ಸುಡುತ್ತಿದ್ದರೆ ಅಲ್ಲಿಂದ ಮುಂದಕ್ಕೆ ಹೋಗಬೇಡಿ.